ಚದುರಂಗದ ಯಂತ್ರವು ಸೋಲಿನಿಂದ ಕಲಿಯುವ ಬಗೆ

ನಮ್ಮ ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ ಕಳೆದ ವರ್ಷ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಲೇಖನವನ್ನು ಪ್ರಾರಂಭಿಸುತ್ತೇನೆ. ಬಿ.ಎಸ್‌ಸಿ. ಮೊದಲ ವರ್ಷದ ವಿದ್ಯಾರ್ಥಿಯೊಬ್ಬನು ಒಂದು ಸಂಜೆ ನನ್ನ ಕೊಠಡಿಗೆ ಬಂದನು. ಅವನ ಒಂದು ಕೈಯಲ್ಲಿ ಚದುರಂಗವಾಡುವ ಅಂಗೈಯಗಲದ ಹಳೆಯ ಯಂತ್ರವಿತ್ತು, ಇನ್ನೊಂದು ಕೈಯಲ್ಲಿ ನೋಟುಪುಸ್ತಕವಿತ್ತು. ಯಂತ್ರವನ್ನು ಮೂವತ್ತೊಂದು ನಡೆಗಳಲ್ಲಿ ತಾನು ಸೋಲಿಸಬಲ್ಲೆನೆಂದೂ, ಎಷ್ಟು ಸಲ ಬೇಕಾದರೂ ಸೋಲಿಸಬಲ್ಲೆನೆಂದೂ ಅವನು ಹೇಳಿದನು. ಹೇಳಿದಂತೆ ಮಾಡಿಯೂ ತೋರಿಸಿದನು. ನೋಟುಪುಸ್ತಕವನ್ನು ತೆರೆದಿಟ್ಟುಕೊಂಡು ಅದರಲ್ಲಿ ಬರೆದಿದ್ದ ನಡೆಗಳನ್ನು ಒಂದೊಂದಾಗಿ ಒತ್ತುತ್ತ ಹೋದನು. ಯಂತ್ರವು ಪ್ರತಿಸಲವೂ ಪುಸ್ತಕದಲ್ಲಿ ಬರೆದಿದ್ದ ಉತ್ತರವನ್ನೇ ಕೊಡುತ್ತ ಬಂದು ಮೂವತ್ತೊಂದನೆಯ ನಡೆಗೆ ಸೋತಿತು. ಎರಡು ತಿಂಗಳ ಹಿಂದೆ ಎಂದೋ ಅದೃಷ್ಟವಶಾತ್ ಗೆದ್ದಿದ್ದ ಆಟವನ್ನು ಅವನು ಬರೆದಿಟ್ಟುಕೊಂಡಿದ್ದನು, ಅಷ್ಟೆ. ಜೊತೆಯ ಹುಡುಗರು ಅವನನ್ನು ಮಹಾಮೇಧಾವಿಯೆಂದು ತಿಳಿದಿದ್ದರು. ಹುಡುಗನು ಮಾತ್ರ ಪ್ರಾಮಾಣಿಕ. “ಸಾರ್, ಇದು ನನ್ನ ಜಾಣತನವೋ, ಅದರ ದಡ್ಡತನವೋ?” ಎಂದು ಕೇಳಿದನು.

ಪ್ರಶ್ನೆ ಸಾಮಾನ್ಯವಾದುದಲ್ಲ. ಒಂದು ಕ್ಷಣದಲ್ಲಿ ಸಹಸ್ರಾರು ನಡೆಗಳನ್ನು ಪರಿಶೀಲಿಸಬಲ್ಲ ಯಂತ್ರವು, ಒಮ್ಮೆ ಮೋಸಹೋದ ಐದು ವರ್ಷದ ಮಗುವೂ ಮಾಡದ ತಪ್ಪನ್ನು ದಿನದಿನವೂ ಏಕೆ ಮಾಡಬೇಕು? ಭೌತಶಾಸ್ತ್ರವನ್ನು ಓದುವವರಿಗೆ ಇದಕ್ಕೆ ಉತ್ತರ ಹೊಳೆಯದೆ ಇರದು. ಒಂದೇ ಎತ್ತರದಿಂದ ಬಿಟ್ಟ ಲೋಲಕವು ಇಂದೂ ನಾಳೆಯೂ ಒಂದೇ ರೀತಿಯಲ್ಲಿ ತೂಗುತ್ತದೆ. ಅಂತೆಯೇ ಒಂದೇ ಸ್ಥಿತಿಯನ್ನು ಒಂದೇ ಗಣಿತದಿಂದ ಅಳೆಯುವ ಯಂತ್ರಕ್ಕೆ ದೊರೆಯುವ ಉತ್ತರವೂ ಒಂದೇ. ನಿನ್ನೆಯ ಸೋಲು ಇಂದಿನ ಲೆಕ್ಕದೊಳಗೆ ಪ್ರವೇಶಿಸುವುದಕ್ಕೆ ಬಾಗಿಲೇ ಇಲ್ಲ.

ಈ ದೋಷವನ್ನು ಯಂತ್ರಗಳು ಚದುರಂಗವಾಡುವುದಕ್ಕೆ ಮೊದಲೇ ಕಂಡುಕೊಂಡವರು ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್. ಗಣಕಯಂತ್ರಕ್ಕೆ ಚದುರಂಗವನ್ನು ಹೇಗೆ ಕಲಿಸಬಹುದೆಂಬುದನ್ನು ಕುರಿತು 1950ರಲ್ಲಿ ಅವರು ಪ್ರಕಟಿಸಿದ ಪ್ರಬಂಧವು ಈ ಶಾಖೆಗೇ ತಳಹದಿಯಾಯಿತು. ಮಂತ್ರಿಗೆ 9, ಆನೆಗೆ 5, ಒಂಟೆಗೂ ಕುದುರೆಗೂ 3, ಕಾಲಾಳಿಗೆ 1 ಎಂಬಂತೆ ಕಾಯಿಗಳಿಗೆ ಬೆಲೆ ಕಟ್ಟಿ, ಅದರೊಡನೆ ಕಾಯಿಗಳ ನೆಲೆಯ ಗುಣದೋಷಗಳನ್ನೂ ಸೇರಿಸಿ, ಮಣೆಯ ಯಾವುದೇ ಸ್ಥಿತಿಯನ್ನು ಒಂದು ಸಂಖ್ಯೆಯಿಂದ ಸೂಚಿಸುವ ವಿಧಾನವನ್ನು ಅವರು ಅದರಲ್ಲಿ ವಿವರಿಸಿದರು. ಜೊತೆಗೆ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು: ಯಂತ್ರವು ಒಂದು ಸ್ಥಿತಿಯಲ್ಲಿ ಸದಾ ಒಂದೇ ನಡೆಯನ್ನು ಆಡುವುದಾದರೆ, ಅದನ್ನು ಒಮ್ಮೆ ಗೆದ್ದವನು ಅದೇ ಹಾದಿಯಲ್ಲಿ ಪ್ರತಿಸಲವೂ ಗೆಲ್ಲುವನು. ಆದುದರಿಂದ ನಡೆಯ ಆಯ್ಕೆಯಲ್ಲಿ ಕಿಂಚಿತ್ತು ಆಕಸ್ಮಿಕತೆಯಿರಬೇಕು ಎಂದು ಅವರು ಸೂಚಿಸಿದರು. ಪಗಡೆಯ ದಾಳವನ್ನು ಚದುರಂಗದೊಳಕ್ಕೆ ತಂದಂತಾಯಿತೆಂದು ನಗಬಹುದು. ಆದರೆ ನಮ್ಮ ವಿದ್ಯಾರ್ಥಿಯ ನೋಟುಪುಸ್ತಕವನ್ನು ವ್ಯರ್ಥಗೊಳಿಸಲು ಅಷ್ಟು ಸಾಕು.

ಸಾಕು, ಆದರೆ ಅದು ಕಲಿಕೆಯಲ್ಲ. ದಾಳವನ್ನೆಸೆದು ಆಡುವ ಯಂತ್ರವು ಸೋತ ಹಾದಿಯನ್ನು ಒಮ್ಮೆ ತಪ್ಪಿಸಿಕೊಂಡರೂ ಇನ್ನೊಮ್ಮೆ ಅದರಲ್ಲಿಯೇ ಕಾಲಿಡಬಹುದು. ಸೋತುದನ್ನು ನೆನಪಿಟ್ಟುಕೊಂಡು ಆ ಹಾದಿಯನ್ನು ಬಿಡುವುದು ಕಲಿಕೆ. ಇಲ್ಲಿ ಮೊದಲು ಏಳುವ ಪ್ರಶ್ನೆ, ಆಟದ ಯಾವ ಭಾಗವನ್ನು ನೆನಪಿಟ್ಟುಕೊಳ್ಳಬೇಕು ಎಂಬುದು.

ಒಂದು ಸುಲಭವಾದ ಲೆಕ್ಕವನ್ನು ನೋಡೋಣ. ಬಿಳಿಯ ಕಾಯಿಗಳ ಆಟಗಾರನು ಮೊದಲ ನಡೆಯನ್ನು 20 ವಿಧವಾಗಿ ಆಡಬಹುದು: ಎಂಟು ಕಾಲಾಳುಗಳು ಒಂದು ಮನೆ ಅಥವಾ ಎರಡು ಮನೆ ಮುಂದುವರಿಯಬಹುದು, ಎರಡು ಕುದುರೆಗಳಲ್ಲಿ ಪ್ರತಿಯೊಂದಕ್ಕೂ ಎರಡು ದಾರಿಗಳುಂಟು. ಕಪ್ಪು ಕಾಯಿಗಳಿಗೂ ಅಷ್ಟೇ. ಆದುದರಿಂದ ಇಬ್ಬರೂ ಒಂದೊಂದು ನಡೆ ಆಡಿದ ಮೇಲೆ 400 ಸಾಧ್ಯತೆಗಳಾದವು. ಎರಡೆರಡು ನಡೆಗಳಾದ ಮೇಲೆ 1,97,281 ಬಗೆಗಳು! ಮುಂದಕ್ಕೆ ಹೋದಂತೆ ಸಂಖ್ಯೆಯು ಪ್ರವಾಹದಂತೆ ಉಕ್ಕುತ್ತದೆ. ಒಟ್ಟು ಆಟಗಳ ಸಂಖ್ಯೆಯನ್ನು ಶ್ಯಾನನ್ ಅವರು ಒಂದರ ಮುಂದೆ 120 ಸೊನ್ನೆಗಳೆಂದು ಅಂದಾಜು ಮಾಡಿದ್ದರು. ಹೀಗಾಗಿ ಆಟದ ನಡುವಿನ ಒಂದು ಸ್ಥಿತಿಯು ಜೀವಮಾನದಲ್ಲಿ ಎರಡನೆಯ ಸಲ ಎದುರಾಗುವುದು ಅಪೂರ್ವ. ಪ್ರಾರಂಭದಲ್ಲಿ ಮಾತ್ರ ಹಾಗಲ್ಲ. ಪ್ರತಿಯೊಂದು ಆಟವೂ ಅದೇ ಬಾಗಿಲಿನಿಂದ ಹೊರಡಬೇಕು. ಬಲ್ಲ ಆಟಗಾರರು ಹಿಡಿಯುವ ಹಾದಿಗಳೂ ಕೆಲವೇ. ಮೇಲೆ ಹೇಳಿದ ಬಗೆಗಳಲ್ಲಿ ಬಹುಪಾಲನ್ನು ವಿವೇಕಿಗಳು ಆಡುವುದೇ ಇಲ್ಲ. ನೆನಪು ಫಲ ಕೊಡಬೇಕಾದರೆ ನೆನಪಿಟ್ಟ ಸಂಗತಿಯು ಪುನಃ ಎದುರಾಗಬೇಕಷ್ಟೆ. ಚದುರಂಗದ ಆರಂಭದಲ್ಲಿ ಅದು ಎದುರಾಗುತ್ತದೆ.

ಈ ಮಾತು ಪ್ರಯೋಗದಿಂದಲೂ ತಿಳಿದುಬಂದಿದೆ. ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಆರ್ಥರ್ ಸ್ಯಾಮ್ಯುಯೆಲ್ ಎಂಬುವರು 704 ಎಂಬ ಗಣಕಯಂತ್ರಕ್ಕೆ ಚೆಕರ್ಸ್ ಎಂಬ ಆಟವನ್ನು ಕಲಿಸಿ ಅದರ ಫಲಿತಾಂಶಗಳನ್ನು 1959ರಲ್ಲಿ ಪ್ರಕಟಿಸಿದರು. ಇದು ಚದುರಂಗದ ಮಣೆಯ ಮೇಲೆಯೇ ಬಿಲ್ಲೆಗಳಿಂದ ಆಡುವ ಆಟ, ಚದುರಂಗಕ್ಕಿಂತ ಸರಳ. ಸ್ಯಾಮ್ಯುಯೆಲ್ ಅವರ ಒಂದು ವಿಧಾನವು ನಮ್ಮ ಹಳೆಯ ಮಠದ ಬಾಯಿಪಾಠವನ್ನು ಹೋಲುತ್ತದೆ. ಯಂತ್ರವು ಆಡುವಾಗ ಕಂಡ ಸ್ಥಿತಿಗಳನ್ನೂ ಅವುಗಳಿಗೆ ತಾನು ಕಟ್ಟಿದ ಬೆಲೆಯನ್ನೂ ಕಾಂತೀಯ ಸುರುಳಿಯಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಮತ್ತೊಂದು ದಿನ ಮೂರು ನಡೆ ಮುಂದೆ ನೋಡುತ್ತಿರುವಾಗ ಕೊನೆಯಲ್ಲಿ ಅಂತಹ ಒಂದು ಸ್ಥಿತಿ ಕಂಡಿತೆನ್ನಿ. ಆ ಸ್ಥಿತಿಯ ಬೆಲೆಯೂ ಹಿಂದೊಮ್ಮೆ ಮೂರು ನಡೆ ಮುಂದೆ ನೋಡಿಯೇ ಕಟ್ಟಿದ್ದಲ್ಲವೆ? ಆದುದರಿಂದ ಯಂತ್ರವು ಹೊಸ ಶ್ರಮವಿಲ್ಲದೆ ಆರು ನಡೆ ಮುಂದೆ ನೋಡಿದಂತಾಯಿತು. ಹಳೆಯ ನೆನಪು ದೃಷ್ಟಿಯನ್ನು ದೂರಗೊಳಿಸಿತು. ನೆನಪಿನ ಉಗ್ರಾಣ ತುಂಬಿಹೋಗದಿರಲೆಂದು ಅವರು ಮರೆವನ್ನೂ ಏರ್ಪಡಿಸಿದ್ದರು: ಪ್ರತಿಯೊಂದು ನೆನಪಿಗೂ ವಯಸ್ಸುಂಟು, ಉಪಯೋಗಕ್ಕೆ ಬಂದಾಗಲೆಲ್ಲ ವಯಸ್ಸು ಅರ್ಧಕ್ಕಿಳಿಯುತ್ತದೆ, ಉಪಯೋಗವಿಲ್ಲದೆ ಮುದಿಯಾದದ್ದು ಅಳಿಸಿಹೋಗುತ್ತದೆ. (ನಮ್ಮ ಪರೀಕ್ಷೆಯ ಓದಿಗೂ ಈ ನಿಯಮವೇ ಅನ್ವಯಿಸುತ್ತದೆಂದು ನನ್ನ ಅನುಭವ.) ಫಲವೇನಾಯಿತು? ಯಂತ್ರವು ಆಟದ ಪ್ರಾರಂಭವನ್ನು ಬಹಳ ಚೆನ್ನಾಗಿ ಆಡುವುದನ್ನು ಕಲಿಯಿತು. ಕೊನೆಯ ಗೆಲುವು ಸೋಲುಗಳನ್ನು ಅನೇಕ ನಡೆಗಳಷ್ಟು ಮೊದಲೇ ಗುರುತಿಸತೊಡಗಿತು. ನಡುವಿನ ಆಟವು ಮಾತ್ರ ಹೆಚ್ಚೇನೂ ಸುಧಾರಿಸಲಿಲ್ಲ.

ಚದುರಂಗದ ಯಂತ್ರಗಳನ್ನು ಕಟ್ಟಿದವರು ಬೇರೊಂದು ಸುಲಭೋಪಾಯವನ್ನು ಹಿಡಿದರು. ಪ್ರಾರಂಭದ ನಡೆಗಳನ್ನು ಕುರಿತು ಮಹಾ ಆಟಗಾರರು ಶತಮಾನಗಳಿಂದ ಕೂಡಿಹಾಕಿರುವ ಜ್ಞಾನವನ್ನು ಯಂತ್ರದೊಳಗೆ ಪಟ್ಟಿಯ ರೂಪದಲ್ಲಿ ತುಂಬಿದರು. ಇದಕ್ಕೆ ‘ಪ್ರಾರಂಭ ಪುಸ್ತಕ’ ಎಂದು ಕರೆಯೋಣ. ಮಣೆಯ ಮೇಲಿನ ಸ್ಥಿತಿಯು ಪುಸ್ತಕದಲ್ಲಿರುವವರೆಗೆ ಯಂತ್ರವು ಯೋಚಿಸುವುದಿಲ್ಲ. ಪುಸ್ತಕದಲ್ಲಿರುವ ನಡೆಯನ್ನು ಥಟ್ಟನೆ ಆಡುತ್ತದೆ. ಪುಸ್ತಕ ಮುಗಿದೊಡನೆ ಸ್ವಂತ ಲೆಕ್ಕ ಪ್ರಾರಂಭ.

ಇದರಲ್ಲಿ ಒಂದು ತೊಡಕುಂಟು. ಪುಸ್ತಕವನ್ನು ಬರೆದವರ ಬುದ್ಧಿ ಬೇರೆ, ಅದರ ಕೊನೆಯ ಪುಟದಿಂದ ಮುಂದೆ ಆಡಬೇಕಾದವನ ಬುದ್ಧಿ ಬೇರೆ. ಕೆಲವು ಪ್ರಾರಂಭಗಳಲ್ಲಿ ಆಟಗಾರನು ಒಂದು ಕಾಲಾಳನ್ನು ಬೇಕೆಂದೇ ಬಿಟ್ಟುಕೊಡುತ್ತಾನೆ; ಪ್ರತಿಯಾಗಿ ಅವನ ಉಳಿದ ಕಾಯಿಗಳು ಬೇಗ ಹೊರಬಂದು ಎದುರಾಳಿಯ ರಾಜನ ಮೇಲೆ ಎರಗುತ್ತವೆ. ಮಹಾ ಆಟಗಾರನಿಗೆ ಇದು ಲಾಭದ ವ್ಯಾಪಾರ. ಪುಸ್ತಕದ ಮಾತನ್ನು ನಂಬಿ ಅಲ್ಲಿಗೆ ಬಂದ ಯಂತ್ರವಾದರೋ, ಪುಸ್ತಕ ಮುಗಿದೊಡನೆ ಕಣ್ತೆರೆದು “ಒಂದು ಕಾಲಾಳು ನಷ್ಟವಾಗಿದೆ!” ಎಂದು ಗಾಬರಿಗೊಂಡು, ಅದನ್ನು ಮರಳಿ ಪಡೆಯುವ ಆತುರದಲ್ಲಿ ದಾಳಿಯನ್ನೇ ಕೈಬಿಡಬಹುದು. ಅನ್ಯರ ಟಿಪ್ಪಣಿಯನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಯು ಲೆಕ್ಕದ ಮೊದಲ ನಾಲ್ಕು ಮೆಟ್ಟಿಲುಗಳನ್ನು ಸರಿಯಾಗಿ ಬರೆದು ಐದನೆಯದರಲ್ಲಿ ಮುಗ್ಗರಿಸುವುದನ್ನು ಉತ್ತರಪತ್ರಿಕೆಗಳಲ್ಲಿ ನಾನು ಎಷ್ಟೋ ಸಲ ಕಂಡಿದ್ದೇನೆ. ಆದುದರಿಂದ ಯಂತ್ರಕ್ಕೆ ಬೇಕಾದುದು ಲೋಕದ ದೃಷ್ಟಿಯಲ್ಲಿ ಒಳ್ಳೆಯ ಪ್ರಾರಂಭವಲ್ಲ. ತನಗೆ ಒಗ್ಗುವ ಪ್ರಾರಂಭ. ಅದನ್ನು ಯಾರೂ ಹೊರಗಿನಿಂದ ಹೇಳಿಕೊಡಲಾರರು. ಯಂತ್ರವೇ ಆಡಿ ತಿಳಿಯಬೇಕು.

1990ರ ದಶಕದಲ್ಲಿ ಈ ಕೊರತೆಯು ತೀವ್ರವಾಗಿ ಕಂಡುಬಂದಿತು. ಅಂತರಜಾಲದ ಮೂಲಕ ಚದುರಂಗವಾಡುವ ಏರ್ಪಾಡು ಬಂದ ಮೇಲೆ, ಪ್ರಪಂಚದ ಯಾವ ಮೂಲೆಯಿಂದಾದರೂ ಯಾರಾದರೂ ಪ್ರಬಲ ಯಂತ್ರಗಳೊಡನೆ ರಾತ್ರಿಯೆಲ್ಲ ಆಡಬಹುದಾಯಿತು. ಪುಸ್ತಕದಲ್ಲಿ ಒಂದೇ ಒಂದು ಕೆಟ್ಟ ಹಾದಿ ಸಿಕ್ಕಿದರೆ ಸಾಕು, ನಮ್ಮ ವಿದ್ಯಾರ್ಥಿಯಂತಹವರು ಅಲ್ಲಿಯೂ ಬೇಕಾದಷ್ಟು ಮಂದಿ. ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಶಾಖೆಯಲ್ಲಿ ಅಧ್ಯಾಪಕರಾಗಿದ್ದ ರಾಬರ್ಟ್ ಹಯಟ್ ಅವರ ‘ಕ್ರಾಫ್ಟಿ’ ಎಂಬ ಕ್ರಮವಿಧಿಯೂ ಹೀಗೆ ಅಂತರಜಾಲದಲ್ಲಿ ಆಡುತ್ತಿತ್ತು. ಹಯಟ್ ಅವರು ಹೊಸಬರಲ್ಲ; ಅವರೂ ಅವರ ಸಂಗಡಿಗರೂ ರಚಿಸಿದ್ದ ‘ಕ್ರೇ ಬ್ಲಿಟ್ಸ್’ 1983ರಲ್ಲಿಯೂ 1986ರಲ್ಲಿಯೂ ಯಂತ್ರಗಳ ವಿಶ್ವ ಚಾಂಪಿಯನ್ ಆಗಿದ್ದಿತು. ಕ್ರಾಫ್ಟಿಯು ತನ್ನ ಪುಸ್ತಕವನ್ನು ತಾನೇ ತಿದ್ದಿಕೊಳ್ಳುವ ವಿಧಾನವನ್ನು ಅವರು 1999ರಲ್ಲಿ ಪ್ರಕಟಿಸಿದರು. ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಯೋಗ್ಯ.

ಮೊದಲನೆಯ ಪ್ರಶ್ನೆ: ಪ್ರಾರಂಭವು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯುವುದು ಹೇಗೆ? ಆಟದ ಕೊನೆಯ ಫಲಿತಾಂಶವನ್ನು ನೋಡಬಹುದೆಂದು ತೋರುತ್ತದೆ. ಆದರೆ ಅದು ನ್ಯಾಯವಲ್ಲ. ಅರವತ್ತನೆಯ ನಡೆಯಲ್ಲಿ ಮಾಡಿದ ತಪ್ಪಿನಿಂದ ಆಟ ಕೈತಪ್ಪಿದರೆ ಹತ್ತನೆಯ ನಡೆಗೆ ಶಿಕ್ಷೆ ಕೊಡುವುದು ಹೇಗೆ? ಅಲ್ಲದೆ ಗೆಲುವು, ಸೋಲು, ಸಮ ಎಂಬ ಮೂರೇ ಮಾತುಗಳಿಂದ ತಿಳಿಯುವುದು ಅತ್ಯಲ್ಪ. ಒಂದು ಪ್ರಾರಂಭದ ಗುಣವನ್ನು ಹಾಗೆ ನಿರ್ಣಯಿಸಬೇಕಾದರೆ ನೂರಾರು ಆಟಗಳನ್ನು ಸೋಲಬೇಕಾದೀತು. ಹಾಗಾದರೆ ಪುಸ್ತಕ ಮುಗಿದೊಡನೆ ಯಂತ್ರವು ಕಟ್ಟುವ ಬೆಲೆಯನ್ನೇ ಹಿಡಿಯೋಣವೆ? ಅದೂ ಸಲ್ಲದು. ಕಾಲಾಳನ್ನು ಬಿಟ್ಟುಕೊಡುವ ಪ್ರಾರಂಭಗಳೆಲ್ಲ ಆಗ ಕೆಟ್ಟವೆಂದೇ ಕಾಣುತ್ತವೆ.

ಹಯಟ್ ಅವರು ಹಿಡಿದುದು ನಡುವಣ ದಾರಿ. ಪುಸ್ತಕದಿಂದ ಹೊರಬಂದ ಮೇಲೆ ಯಂತ್ರವು ತಾನೇ ಲೆಕ್ಕಹಾಕಿ ಆಡುವ ಮೊದಲ ಹತ್ತು ನಡೆಗಳವರೆಗೆ ಕಾಯುತ್ತದೆ. ಆ ಹತ್ತು ಸಲವೂ ಸ್ಥಿತಿಗೆ ತಾನು ಕಟ್ಟಿದ ಬೆಲೆಯನ್ನು ಗುರುತುಹಾಕಿಕೊಳ್ಳುತ್ತದೆ. ಬಳಿಕ ಆ ಹತ್ತು ಸಂಖ್ಯೆಗಳ ಏರಿಳಿತವನ್ನು ಪರಿಶೀಲಿಸುತ್ತದೆ. ಮೊದಲು ಒಂದು ಕಾಲಾಳಿನಷ್ಟು ನಷ್ಟವಿದ್ದು ಕ್ರಮೇಣ ಬೆಲೆಯು ಏರುತ್ತ ಬಂದಿದ್ದರೆ, ಕೊಟ್ಟ ಕಾಲಾಳು ಫಲಿಸಿತೆಂದು ಅರ್ಥ. ಮೊದಲು ಸಮವಾಗಿದ್ದು ಮೆಟ್ಟಿಲಿಳಿದಂತೆ ಇಳಿಯುತ್ತಿದ್ದರೆ ಪುಸ್ತಕವು ತನ್ನನ್ನು ಕೆಸರಿನಲ್ಲಿ ತಂದು ನಿಲ್ಲಿಸಿದೆಯೆಂದು ಅರ್ಥ. ಆಟ ಇನ್ನೂ ಮುಗಿಯದಿದ್ದರೂ ಪಾಠ ದೊರೆತಂತಾಯಿತು. ರೋಗಿಯ ಜ್ವರದ ಪಟ್ಟಿಯನ್ನು ನೋಡಿ ಔಷಧದ ಗುಣವನ್ನು ತಿಳಿಯುವ ವೈದ್ಯನ ಕ್ರಮವೂ ಇದೇ ಅಲ್ಲವೆ?

ಸಂಖ್ಯೆಗಳನ್ನು ಇದ್ದಂತೆಯೇ ನಂಬುವುದೂ ಇಲ್ಲ. ಯಂತ್ರವು ಹೆಚ್ಚು ಆಳವಾಗಿ ನೋಡಿ ಕಟ್ಟಿದ ಬೆಲೆಗೆ ಹೆಚ್ಚು ತೂಕ, ಅವಸರದ ಆಟದಲ್ಲಿ ಕಟ್ಟಿದ ಬೆಲೆಗೆ ಕಡಿಮೆ ತೂಕ. ಎದುರಾಳಿಯ ಬಲವನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ. ಈ ಕೊನೆಯ ಅಂಶ ಬಹು ಮುಖ್ಯವಾದುದು. ಹೊಸದಾಗಿ ಚದುರಂಗ ಕಲಿತ ಹುಡುಗರು ಮಂತ್ರಿಯನ್ನೂ ಒಂಟೆಯನ್ನೂ ಆತುರದಿಂದ ಹೊರತಂದು ನಾಲ್ಕನೆಯ ನಡೆಗೇ ಎದುರಾಳಿಯ ರಾಜನನ್ನು ಕಟ್ಟಿಹಾಕುವುದನ್ನು ವಾಚಕರು ಬಲ್ಲರು. ತರಗತಿಯ ಗೆಳೆಯರ ಮೇಲೆ ಇದು ಫಲಿಸುತ್ತದೆ. ಹುಡುಗನು ಇದೇ ಉತ್ತಮ ಪ್ರಾರಂಭವೆಂದು ಕಲಿಯುತ್ತಾನೆ. ಬಲ್ಲವನೊಬ್ಬನು ಎದುರಾದ ದಿನ ಹೊರಬಂದ ಮಂತ್ರಿಯು ಓಡಾಡಿಯೇ ಸುಸ್ತಾಗುತ್ತದೆ. ಅಶಕ್ತನ ಮೇಲೆ ಪಡೆದ ಮೇಲುಗೈಗೆ ಪ್ರಾರಂಭವು ಕಾರಣವೋ ಎದುರಾಳಿಯ ಅಜ್ಞಾನವು ಕಾರಣವೋ ತಿಳಿಯುವಂತಿಲ್ಲ. ಆದುದರಿಂದ ಅಂತಹ ಪಾಠವನ್ನು ಯಂತ್ರವು ಅರೆಮನಸ್ಸಿನಿಂದ ಸ್ವೀಕರಿಸಬೇಕು. ಅಶಕ್ತನ ಎದುರಿನಲ್ಲಿಯೂ ಸ್ಥಿತಿ ಕೆಟ್ಟಿತೆಂದರೆ ಆ ಪಾಠವನ್ನು ಪೂರ್ಣವಾಗಿ ನಂಬಬಹುದು!

ಎರಡನೆಯ ಪ್ರಶ್ನೆ ಇನ್ನೂ ಕಠಿಣ. ಸ್ಥಿತಿ ಕೆಟ್ಟಿತೆಂದು ತಿಳಿಯಿತು. ಹೊಣೆಯನ್ನು ಯಾವ ನಡೆಯ ಮೇಲೆ ಹೊರಿಸಬೇಕು? ಪುಸ್ತಕದಿಂದ ಆಡಿದ ಹದಿನೈದು ನಡೆಗಳಲ್ಲಿ ಅಪರಾಧಿ ಯಾವುದು? ಎಲ್ಲವನ್ನೂ ದಂಡಿಸಿದರೆ, ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಡುವ ಮೊದಲನೆಯ ನಡೆಯೂ ದಂಡನೆಗೆ ಗುರಿಯಾಗಿ, ಆ ಒಂದು ಬಾಗಿಲಿನ ಹಿಂದಿರುವ ನೂರಾರು ಒಳ್ಳೆಯ ಹಾದಿಗಳು ನಿರಪರಾಧಿಗಳಾಗಿದ್ದರೂ ಮುಚ್ಚಿಹೋಗುತ್ತವೆ. ಕೊನೆಯ ನಡೆಯನ್ನು ಮಾತ್ರ ದಂಡಿಸೋಣವೆಂದರೆ, ಅಲ್ಲಿ ಯಂತ್ರಕ್ಕೆ ಬೇರೆ ದಾರಿಯೇ ಇರಲಿಲ್ಲವಾಗಿರಬಹುದು.

ಕ್ರಾಫ್ಟಿಯ ಉಪಾಯ ಹೀಗೆ. ಅದು ಪುಸ್ತಕದ ಹಾದಿಯಲ್ಲಿ ಹಿಂದುಹಿಂದಕ್ಕೆ ನಡೆಯುತ್ತದೆ. ತನಗೆ ಒಂದಕ್ಕಿಂತ ಹೆಚ್ಚು ನಡೆಗಳ ಆಯ್ಕೆಯಿದ್ದ ಕೊನೆಯ ಕವಲು ಸಿಕ್ಕುವವರೆಗೆ ನಡೆಯುತ್ತದೆ. ದಾರಿ ತಪ್ಪಿದ್ದು ಕವಲಿನಲ್ಲಿ. ಕವಲಿಲ್ಲದ ದಾರಿಯಲ್ಲಿ ತಪ್ಪುವುದಾದರೂ ಹೇಗೆ? ಹೊಣೆಯ ಮುಖ್ಯ ಭಾಗವು ಆ ಕವಲಿನಲ್ಲಿ ಆರಿಸಿದ ನಡೆಗೆ ಸಲ್ಲುತ್ತದೆ. ಅದಕ್ಕೂ ಹಿಂದಿನ ಕವಲುಗಳಿಗೆ ದೂರ ಸರಿದಂತೆ ಕಡಿಮೆ ಕಡಿಮೆ ಪಾಲು. ಉದಾಹರಣೆಗೆ, ಹನ್ನೊಂದನೆಯ ನಡೆಯಲ್ಲಿ ಯಂತ್ರಕ್ಕೆ ಮೂರು ಹಾದಿಗಳಿದ್ದುವೆಂದು ಭಾವಿಸೋಣ. ಮೊದಲನೆಯ ಹಾದಿಯಲ್ಲಿ ಹೋಗಿ ಕೆಟ್ಟಿತು. ಅದರ ಅಂಕ ಕಡಿಮೆಯಾಯಿತು. ಮುಂದಿನ ಸಲ ಅದೇ ಕವಲಿಗೆ ಬಂದಾಗ ಎರಡನೆಯದನ್ನು ಹಿಡಿಯುತ್ತದೆ. ಅದೂ ಕೆಟ್ಟರೆ ಮೂರನೆಯದು. ಮೂರೂ ಕೆಟ್ಟವೆಂದು ಗೊತ್ತಾದ ಮೇಲೆ, ತಪ್ಪು ಇಲ್ಲಿಯದಲ್ಲ, ಇಲ್ಲಿಗೆ ಬಂದದ್ದೇ ತಪ್ಪು ಎಂಬ ತೀರ್ಮಾನವು ಹಿಂದಿನ ಕವಲಿನ ಅಂಕಗಳಲ್ಲಿ ತಾನಾಗಿಯೇ ಮೂಡುತ್ತದೆ.

ಪುಸ್ತಕದ ಹೊರಗಿನ ದುರಂತಗಳಿಗಾಗಿ ಕ್ರಾಫ್ಟಿಯಲ್ಲಿ ಇನ್ನೊಂದು ನೆನಪಿನ ಕಡತವುಂಟು. ಆಟದ ನಡುವೆ ಬೆಲೆಯು ಹಠಾತ್ತನೆ ಕುಸಿದರೆ ಆ ಸ್ಥಿತಿಯನ್ನೂ ಬೆಲೆಯನ್ನೂ ನೋಡಿದ ಆಳವನ್ನೂ ಅದರಲ್ಲಿ ಬರೆದಿಟ್ಟುಕೊಂಡು ಮುಂದಿನ ಆಟಗಳ ಲೆಕ್ಕದಲ್ಲಿ ಬೆರೆಸುತ್ತದೆ. ಅದೇ ಹಳ್ಳದ ಸಮೀಪಕ್ಕೆ ಮತ್ತೆ ಬಂದಾಗ ಕೆಲವು ನಡೆಗಳಷ್ಟು ಮೊದಲೇ ಅದು ಕಾಣುತ್ತದೆ. ಸ್ಯಾಮ್ಯುಯೆಲ್ ಅವರ ಬಾಯಿಪಾಠವೇ ಹೊಸ ಉಡುಪಿನಲ್ಲಿ ಬಂದಿತೆನ್ನಬಹುದು.

ಇಷ್ಟಾದರೂ ಈ ಕಲಿಕೆ ನಿರ್ದೋಷವೆಂದು ನಾನು ಹೇಳಲಾರೆ. ಬೆಲೆ ಕಟ್ಟುವ ಯಂತ್ರವೇ ತನ್ನ ಬೆಲೆಯನ್ನು ನಂಬಿ ಕಲಿಯುತ್ತಿದೆ. ಅಳತೆಗೋಲು ಗಿಡ್ಡವಾಗಿದ್ದರೆ ಅಳತೆಯೂ ತಪ್ಪೇ. ಒಳ್ಳೆಯ ಪ್ರಾರಂಭವೊಂದು ಒಂದೇ ದಿನದ ದುರದೃಷ್ಟದಿಂದ ಬಹಿಷ್ಕೃತವಾಗಬಹುದು. ಗೆದ್ದ ಹಾದಿಯನ್ನೇ ಸದಾ ತುಳಿಯುವ ಯಂತ್ರಕ್ಕೆ ಪಕ್ಕದಲ್ಲಿರುವ ಇನ್ನೂ ಉತ್ತಮವಾದ ಹಾದಿ ಎಂದೂ ಕಾಣದು. ಆದುದರಿಂದ ಶ್ಯಾನನ್ ಅವರ ದಾಳವನ್ನು ಪೂರ್ತಿ ಬಿಸುಡುವಂತಿಲ್ಲ. ತಿಳಿದ ಲಾಭಕ್ಕೂ ತಿಳಿಯದ ಸಾಧ್ಯತೆಗೂ ನಡುವೆ ಯಂತ್ರವು ತೂಗಾಡಬೇಕಾಗುತ್ತದೆ. ಯಂತ್ರಗಳೇ ಪರಸ್ಪರ ನೂರಾರು ಆಟಗಳನ್ನು ಆಡುವ ಪಂದ್ಯಗಳಲ್ಲಿ, ಒಂದು ಯಂತ್ರವು ಗೆದ್ದ ಆಟವನ್ನೇ ಅಕ್ಷರಶಃ ಪುನರಾವರ್ತಿಸಿ ಕಲಿಯಲಾರದ ಯಂತ್ರದಿಂದ ಅಂಕಗಳನ್ನು ಸುಲಿಯುತ್ತಿದ್ದುದೂ ಉಂಟು. ಅದು ಚದುರಂಗದ ಬಲವೋ ನೋಟುಪುಸ್ತಕದ ಬಲವೋ ಎಂಬ ವಿವಾದ ಆಗ ಜೋರಾಗಿಯೇ ನಡೆಯಿತು.

ತನ್ನ ಆಟದಿಂದಲ್ಲದೆ ಪರರ ಆಟದಿಂದಲೂ ಕಲಿಯಬಹುದು. 1997ರ ಮೇ ತಿಂಗಳಿನಲ್ಲಿ ನ್ಯೂಯಾರ್ಕ್ ನಗರದಲ್ಲಿ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರಾವ್ ಅವರನ್ನು ಮೂರೂವರೆ–ಎರಡೂವರೆ ಅಂಕಗಳಿಂದ ಸೋಲಿಸಿದ ‘ಡೀಪ್ ಬ್ಲೂ’ ಯಂತ್ರದಲ್ಲಿ, ಮಹಾ ಆಟಗಾರರು ಕೈಯಾರೆ ಸಿದ್ಧಪಡಿಸಿದ ಸುಮಾರು 4,000 ಸ್ಥಿತಿಗಳ ಚಿಕ್ಕ ಪುಸ್ತಕವೊಂದಿತ್ತು. ಅದರ ಬೆನ್ನಿಗೆ 7 ಲಕ್ಷ ಆಟಗಳಿಂದ ಯಂತ್ರವೇ ಸಂಗ್ರಹಿಸಿದ ವಿಸ್ತೃತ ಪುಸ್ತಕವಿತ್ತು. ಒಂದು ನಡೆಯನ್ನು ಎಷ್ಟು ಮಂದಿ ಆಡಿದ್ದಾರೆ, ಆಡಿದವರು ಎಂತಹ ಬಲಶಾಲಿಗಳು, ಫಲಿತಾಂಶವೇನಾಯಿತು, ಇತ್ತೀಚೆಗೆ ಆಡಿದ್ದೋ ಹಳೆಯದೋ ಎಂಬಿವನ್ನೆಲ್ಲ ಕೂಡಿ ಆ ನಡೆಗೆ ಸ್ವಲ್ಪ ಒಲವನ್ನೋ ಸ್ವಲ್ಪ ವಿಮುಖತೆಯನ್ನೋ ಅದು ಸೇರಿಸುತ್ತಿತ್ತು. ಕೊನೆಯ ಆಟದ ಎಂಟನೆಯ ನಡೆಯಲ್ಲಿ ಡೀಪ್ ಬ್ಲೂ ಒಂದು ಕಾಲಾಳಿಗಾಗಿ ಕುದುರೆಯನ್ನೇ ಬಲಿಗೊಟ್ಟಿತು. ಕಾಸ್ಪರಾವ್ 19 ನಡೆಗಳಲ್ಲಿ ಸೋಲೊಪ್ಪಿದರು. ಕ್ಷಣಕ್ಕೆ 20 ಕೋಟಿ ಸ್ಥಿತಿಗಳನ್ನು ನೋಡಬಲ್ಲ ಆ ಯಂತ್ರವು ಈ ಪ್ರಸಿದ್ಧ ನಡೆಯನ್ನು ಲೆಕ್ಕಹಾಕಿ ಕಂಡುಕೊಂಡುದಲ್ಲ, ಪುಸ್ತಕದಿಂದ ಎತ್ತಿ ಆಡಿದ್ದೆಂಬುದು ಎಷ್ಟೋ ಜನಕ್ಕೆ ತಿಳಿಯದು.

ಇನ್ನೊಂದು ಕೊನೆಯಲ್ಲಿ, ಪುಸ್ತಕವೇ ಇಲ್ಲದೆ ಕಲಿತ ಯಂತ್ರವೂ ಬಂದಿದೆ. 2017ರಲ್ಲಿ ಡೀಪ್‌ಮೈಂಡ್ ಸಂಸ್ಥೆಯವರು ಪ್ರಕಟಿಸಿದ ‘ಆಲ್ಫಾಜೀರೋ’ವಿಗೆ ಆಟದ ನಿಯಮಗಳನ್ನುಳಿದು ಬೇರೇನನ್ನೂ ಹೇಳಿಕೊಟ್ಟಿರಲಿಲ್ಲ. ಅದು ತನ್ನೊಡನೆ ತಾನೇ 4 ಕೋಟಿ 40 ಲಕ್ಷ ಆಟಗಳನ್ನಾಡಿ ಕಲಿಯಿತು. ಹೀಗೆ ಕಲಿಯುತ್ತ ಮನುಷ್ಯರಿಗೆ ಪರಿಚಿತವಾದ ಪ್ರಾರಂಭಗಳನ್ನು ತಾನಾಗಿಯೇ ಕಂಡುಹಿಡಿಯಿತು. ಕೆಲವನ್ನು ಕೆಲಕಾಲ ಆಡಿ ಕೈಬಿಟ್ಟಿತು. ಅದರ ಕಲಿಕೆಯ ಹಾದಿಯನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ (ಮಾಜಿ ವಿಶ್ವ ಚಾಂಪಿಯನ್ ವ್ಲಾಡಿಮಿರ್ ಕ್ರಾಮ್ನಿಕ್ ಅದರ ಲೇಖಕರಲ್ಲೊಬ್ಬರು) ಒಂದು ಕುತೂಹಲಕರವಾದ ಸಂಗತಿ ಹೊರಬಂದಿದೆ. ಮನುಷ್ಯರು ಶತಮಾನಗಳ ಹಿಂದೆ ಬಹುಪಾಲು ಒಂದೇ ಮೊದಲ ನಡೆಯನ್ನು, ಅಂದರೆ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಇಡುವುದನ್ನು, ಆಡುತ್ತಿದ್ದು, ಕಾಲಕ್ರಮದಲ್ಲಿ ಬೇರೆ ಬೇರೆ ನಡೆಗಳಿಗೆ ಹರಡಿಕೊಂಡರು. ಯಂತ್ರವಾದರೋ ಇಪ್ಪತ್ತು ನಡೆಗಳನ್ನೂ ಸಮಸಮವಾಗಿ ಆಡುತ್ತ ಹೊರಟು ಕ್ರಮೇಣ ಕೆಲವಕ್ಕೆ ಸಂಕುಚಿತಗೊಂಡಿತು. ಒಬ್ಬರು ಗುರುವಿನಿಂದ ಹೊರಟು ಸ್ವಾತಂತ್ರ್ಯದತ್ತ ನಡೆದರು. ಇನ್ನೊಂದು ನಿರಂಕುಶತೆಯಿಂದ ಹೊರಟು ಶಿಸ್ತಿನತ್ತ ನಡೆಯಿತು. ದಾರಿಗಳು ಎದುರುಬದುರಾಗಿದ್ದರೂ ಸೇರಿದ ಊರುಗಳು ಹತ್ತಿರಹತ್ತಿರವೆ.

ಇಂದು ಯಂತ್ರಗಳು ಎಷ್ಟು ಪ್ರಬಲವಾಗಿವೆಯೆಂದರೆ, ತಮ್ಮಿಷ್ಟದಂತೆ ಪ್ರಾರಂಭಿಸಲು ಬಿಟ್ಟರೆ ಅವುಗಳ ಆಟಗಳು ಬಹುಮಟ್ಟಿಗೆ ಸಮದಲ್ಲಿಯೇ ಮುಗಿಯುತ್ತವೆ. ಆದುದರಿಂದ 2010ರಲ್ಲಿ ಮೊದಲಾದ ಟಿ.ಸಿ.ಇ.ಸಿ. ಎಂಬ ಯಂತ್ರಗಳ ಪಂದ್ಯಾವಳಿಯಲ್ಲಿ ಪ್ರಾರಂಭದ ನಡೆಗಳನ್ನು ಸಂಘಟಕರೇ ಗೊತ್ತುಮಾಡುತ್ತಾರೆ. ಒಂದೇ ಪ್ರಾರಂಭವನ್ನು ಎರಡು ಯಂತ್ರಗಳೂ ಒಮ್ಮೆ ಬಿಳಿಯ ಕಾಯಿಗಳಿಂದಲೂ ಒಮ್ಮೆ ಕಪ್ಪು ಕಾಯಿಗಳಿಂದಲೂ ಆಡಬೇಕು. ಅಷ್ಟು ಶ್ರಮದಿಂದ ರೂಪಿಸಿದ ಪುಸ್ತಕದ ಕಲಿಕೆಗೆ ಅಲ್ಲಿ ಕೆಲಸವಿಲ್ಲ.

ನಮ್ಮ ವಿದ್ಯಾರ್ಥಿಗೆ ಇವನ್ನೆಲ್ಲ ಎರಡು ಸಂಜೆ ಕುಳಿತು ವಿವರಿಸಿದೆ. ಅವನು ಕ್ರಾಫ್ಟಿಯನ್ನು ಕಾಲೇಜಿನ ಗಣಕಯಂತ್ರದಲ್ಲಿ ಅಳವಡಿಸಿಕೊಂಡು ಆಡತೊಡಗಿದ್ದಾನೆ. ಇದುವರೆಗೆ ಒಂದು ಆಟವನ್ನೂ ಗೆದ್ದಿಲ್ಲ. ಸೋತು ಬೇಸರವಾದ ದಿನ ಹಳೆಯ ಯಂತ್ರವನ್ನು ಹೊರತೆಗೆದು, ನೋಟುಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ಮೂವತ್ತೊಂದನೆಯ ನಡೆಗೆ ಗೆದ್ದು ಮಲಗುತ್ತಾನಂತೆ.